ನಾಲ್ಕು ಇನ್‌ಪುಟ್, ಮೂರು ಮೈಕ್: ಹಳೆಯ ಸೋಲ್ ಡ್ರಮ್ಸ್ ಸದ್ದಿನ ಒಂದು ಪ್ರಕರಣ

ಆರು ಜನರ ಒಂದು ಬ್ಯಾಂಡ್. ಡ್ರಮ್ಸ್, ಬೇಸ್, ಗಿಟಾರ್, ಆರ್ಗನ್, ಒಂದು ಟ್ರಂಪೆಟ್, ಒಂದು ಸ್ಯಾಕ್ಸ್. ಹಾಡುಗಳು ನಾಲ್ಕು, ಎಲ್ಲವೂ ಅವರದೇ. 1960ರ ದಶಕದ ಕೊನೆ ಮತ್ತು 70ರ ದಶಕದ ಶುರುವಿನಲ್ಲಿ ಅಮೆರಿಕದಲ್ಲಿ ಬಂದ ಸೋಲ್ ಮತ್ತು ಫಂಕ್ ರೆಕಾರ್ಡ್‌ಗಳಲ್ಲಿ ಡ್ರಮ್ಸ್ ಕೇಳಿಸುತ್ತದಲ್ಲ, ಮಾರ್ದನಿಯಿಲ್ಲದೆ ಒಣಗಿದಂತೆ, ದಪ್ಪಗೆ, ಹತ್ತಿರದಲ್ಲೇ ಕೂತು ಬಾರಿಸಿದಂತೆ, ಆ ಸದ್ದು ಬೇಕು ಅಂದರು. ಹಣ ಕಡಿಮೆ. ಮೈಕ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವರು ಆಗಲೇ ಒಮ್ಮೆ ರೆಕಾರ್ಡ್ ಮಾಡಿದ್ದರು. ಏಳು ಮೈಕ್ ಒಟ್ಟಿಗೆ ಬರುವ ಅಗ್ಗದ ಡ್ರಮ್ ಮೈಕ್ ಸೆಟ್ ಒಂದನ್ನು ಎರವಲು ತಂದು, ಪ್ರತಿ ಡ್ರಮ್ಮಿಗೂ ಒಂದೊಂದು ಕಟ್ಟಿ, ಮೇಲೆ ಎರಡು ಕಂಡೆನ್ಸರ್ (ಸಣ್ಣ ಸದ್ದನ್ನೂ ಚೂಪಾಗಿ ಹಿಡಿಯುವ ಬಗೆಯ ಮೈಕ್) ನಿಲ್ಲಿಸಿದ್ದರು. ಆ ಟ್ರ್ಯಾಕ್‌ಗಳನ್ನು ಕೇಳಿದೆ. ಕಿಕ್, ಅಂದರೆ ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್, ಟಕ್ ಟಕ್ ಅನ್ನುತ್ತಿತ್ತು. ಸ್ನೇರ್, ಅಂದರೆ ತಳದಲ್ಲಿ ತಂತಿ ಇರುವ ಚಿಕ್ಕ ಡ್ರಮ್, ಎಲ್ಲಕ್ಕಿಂತ ಮುಂದೆ ನಿಂತಿತ್ತು. ಸಿಂಬಲ್‌ಗಳು ಎಡಕ್ಕೂ ಬಲಕ್ಕೂ ಹರಡಿ ಚುರುಗುಟ್ಟುತ್ತಿದ್ದವು. ರೆಕಾರ್ಡಿಂಗ್ ಆಗಿ ನೋಡಿದರೆ ಕೆಟ್ಟದ್ದೇನಲ್ಲ. ಆದರೆ ಒಬ್ಬ ಮನುಷ್ಯ ಒಂದು ವಾದ್ಯ ಬಾರಿಸುತ್ತಿದ್ದಾನೆ ಅನ್ನಿಸುತ್ತಿರಲಿಲ್ಲ. ಏಳು ಬೇರೆ ಬೇರೆ ಸದ್ದುಗಳನ್ನು ಪಕ್ಕಪಕ್ಕ ಜೋಡಿಸಿದಂತಿತ್ತು. ಹೀಗಾಗಿ "ಇದಕ್ಕಿಂತ ಒಳ್ಳೆಯ ಸೆಟ್ ಯಾವುದು?" ಅನ್ನುವ ಪ್ರಶ್ನೆಯನ್ನೇ ಮೊದಲು ಬದಿಗಿಟ್ಟೆವು.

ಕಟ್ಟುಪಾಡುಗಳು ಹೀಗಿದ್ದವು. ಬ್ಯಾಂಡಿನ ಹತ್ತಿರ ಇದ್ದ ಇಂಟರ್‌ಫೇಸ್‌ಗೆ (ಮೈಕಿನ ಸದ್ದನ್ನು ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆ) ನಾಲ್ಕೇ ಮೈಕ್ ಇನ್‌ಪುಟ್. ಬೇಸ್ ಮತ್ತು ಡ್ರಮ್ಸ್ ಒಟ್ಟಿಗೇ ನುಡಿಸಬೇಕು, ಅದರಲ್ಲಿ ರಾಜಿ ಇಲ್ಲ. ಫಂಕ್‌ನಲ್ಲಿ ಈ ಇಬ್ಬರನ್ನು ಬೇರೆ ಬೇರೆ ಹೊತ್ತಿಗೆ ರೆಕಾರ್ಡ್ ಮಾಡಿದರೆ ಹಾಡಿನ ಜೀವವೇ ಹೋಗುತ್ತದೆ. ಬೇಸ್‌ಗೆ ಡಿಐ ಬಾಕ್ಸ್ (ಗಿಟಾರನ್ನು ಮೈಕ್ ಇಲ್ಲದೆ ನೇರ ಸೇರಿಸುವ ಪೆಟ್ಟಿಗೆ) ಮೂಲಕ ಒಂದು ಇನ್‌ಪುಟ್ ಹೋಯಿತು. ಉಳಿದದ್ದು ಮೂರು. ರೂಮ್ ಸುಮಾರು 4 ಮೀಟರ್ ಅಗಲ, 5 ಮೀಟರ್ ಉದ್ದ, ಎತ್ತರ 2.6 ಮೀಟರ್. ಇದು ಚಿಕ್ಕ ರೂಮ್, ತಗ್ಗು ಚಾವಣಿ. ಶೂರ್ ಕಂಪನಿಯ ಒಂದು ಎಸ್‌ಎಂ57 ಮೈಕ್ ಬ್ಯಾಂಡಿನ ಬಳಿ ಮೊದಲೇ ಇತ್ತು. ಏಳು ಮೈಕಿನ ಸೆಟ್‌ಗೆ ಎಷ್ಟು ಕೊಡಬೇಕೋ ಅದಕ್ಕಿಂತ ಜಾಸ್ತಿ ಖರ್ಚು ಮಾಡಬಾರದು ಅನ್ನುವುದು ಅವರ ಮಿತಿ.

ಮೂರು ಇನ್‌ಪುಟ್ ಅಂದಾಗ ಗಿಟಾರಿಸ್ಟ್ ಮುಖ ಸಣ್ಣದಾಯಿತು. ನನಗೆ ಖುಷಿಯೇ ಆಯಿತು. ನಾವು ಹುಡುಕುತ್ತಿದ್ದ ಸದ್ದು ಹುಟ್ಟಿದ್ದೇ ಇಂಥ ಇಕ್ಕಟ್ಟಿನಲ್ಲಿ. ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋ ಒಂದು ಹಳೆಯ ಸಿನಿಮಾ ಥಿಯೇಟರ್. ನೆಲ ಇಳಿಜಾರಾಗೇ ಇತ್ತು. 1960ರ ದಶಕದ ಮಧ್ಯದವರೆಗೂ ಅಲ್ಲಿ ಮೋನೊದಲ್ಲೇ, ಅಂದರೆ ಎಡ-ಬಲ ಇಲ್ಲದ ಒಂದೇ ಟ್ರ್ಯಾಕಿನಲ್ಲಿ, ರೆಕಾರ್ಡ್ ಮಾಡುತ್ತಿದ್ದರು. ಡೆಟ್ರಾಯ್ಟ್‌ನ ಮೋಟೌನ್ ಸ್ಟುಡಿಯೋ ಶುರುವಾಗಿದ್ದು ಒಂದು ಮನೆಯ ಗ್ಯಾರೇಜಿನಲ್ಲಿ. ಟೇಪಿನಲ್ಲಿ ಇದ್ದದ್ದೇ ಕೆಲವೇ ಟ್ರ್ಯಾಕ್‌ಗಳು. ಮೈಕ್ ಜಾಸ್ತಿ ಇಟ್ಟರೂ ಎಲ್ಲವನ್ನೂ ಅಲ್ಲೇ ಕೂಡಿಸಿ ಒಂದೋ ಎರಡೋ ಟ್ರ್ಯಾಕಿಗೆ ಇಳಿಸಬೇಕಿತ್ತು. ಆಮೇಲೆ ಸ್ನೇರ್ ಒಂದನ್ನೇ ಎತ್ತುವ ದಾರಿ ಇರಲಿಲ್ಲ. ಡ್ರಮ್ಮರ್ ತಾನೇ ತನ್ನ ಕೈಕಾಲಿನಲ್ಲಿ ಮಿಕ್ಸ್ ಮಾಡುತ್ತಿದ್ದ. ಆ ಕಾಲದ ಡ್ರಮ್ಮರ್‌ಗಳಾದ ಅಲ್ ಜ್ಯಾಕ್ಸನ್ ಜೂನಿಯರ್, ಬೆನ್ನಿ ಬೆಂಜಮಿನ್, ಕ್ಲೈಡ್ ಸ್ಟಬಲ್‌ಫೀಲ್ಡ್ ಇವರನ್ನು ಕೇಳಿದರೆ ಇದು ಗೊತ್ತಾಗುತ್ತದೆ. ಹೈ-ಹ್ಯಾಟ್ (ಕಾಲಿನಿಂದ ತೆರೆದು ಮುಚ್ಚುವ ಸಿಂಬಲ್ ಜೋಡಿ) ಎಂದೂ ಸ್ನೇರನ್ನು ನುಂಗುವುದಿಲ್ಲ. ಅದು ಅವರ ಕೈಯ ಹಿಡಿತ, ಮೈಕಿನ ಮಹಿಮೆಯಲ್ಲ.

ಇದೆಲ್ಲ ಆ ಕಾಲಕ್ಕೇ ಮುಗಿದ ಕತೆಯೂ ಅಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 2001ರಲ್ಲಿ ಶುರುವಾದ ಡ್ಯಾಪ್‌ಟೋನ್ ರೆಕಾರ್ಡ್ಸ್‌ನವರು ಒಂದು ಹಳೆಯ ಮನೆಯಲ್ಲಿ ಎಂಟು ಟ್ರ್ಯಾಕಿನ ಟೇಪ್ ಯಂತ್ರ ಇಟ್ಟುಕೊಂಡು ಇದೇ ರೀತಿ ಕೆಲಸ ಮಾಡಿದರು. ಗಾಯಕಿ ಏಮಿ ವೈನ್‌ಹೌಸ್ ಅವರ 2006ರ ಆಲ್ಬಮ್ಮಿನ ಕೆಲವು ಹಾಡುಗಳ ವಾದ್ಯಗಳು ಅಲ್ಲೇ ರೆಕಾರ್ಡ್ ಆದವು.

ಮೈಕಿಗೆ ಮೊದಲು ಡ್ರಮ್ಸ್

ಮೈಕ್ ಬಗ್ಗೆ ಬರೆಯಲು ಕೂತು ಡ್ರಮ್ ಹೆಡ್ (ಡ್ರಮ್ಮಿನ ಮೇಲೆ ಬಿಗಿದ ಹೊದಿಕೆ) ಬಗ್ಗೆ ಹೇಳುತ್ತಿದ್ದೇನೆ ಅನ್ನಿಸಬಹುದು. ಆದರೆ ಈ ಪ್ರಕರಣದಲ್ಲಿ ಅತಿ ಕಡಿಮೆ ಹಣಕ್ಕೆ ಅತಿ ಜಾಸ್ತಿ ಬದಲಾವಣೆ ಆಗಿದ್ದು ಇಲ್ಲೇ. ಡ್ರಮ್ಸ್‌ಗೆ ಪಾರದರ್ಶಕವಾದ ಎರಡು ಪದರದ ಹೆಡ್ ಹಾಕಿದ್ದರು. ಕಿಕ್‌ನ ಮುಂದಿನ ಹೆಡ್‌ಗೆ ತೂತು, ಒಳಗೆ ದಿಂಬು. ಸಿಂಬಲ್‌ಗಳು ದಪ್ಪ, ಕಟು.

ಟಾಮ್ (ಕಿಕ್ ಮತ್ತು ಸ್ನೇರ್ ಬಿಟ್ಟು ಉಳಿದ ಡ್ರಮ್‌ಗಳು) ಮತ್ತು ಸ್ನೇರ್‌ಗೆ ಬಿಳಿ ಲೇಪನದ ಒಂದೇ ಪದರದ ಹೆಡ್ ಹಾಕಿಸಿದೆವು. ಕಿಕ್‌ನ ಮುಂದೆ ತೂತಿಲ್ಲದ ಹೆಡ್, ದಿಂಬು ಹೊರಗೆ, ಬದಲಿಗೆ ಎರಡೂ ಹೆಡ್‌ಗೆ ಒಳಗಿನಿಂದ ಒಂದೊಂದು ಫೆಲ್ಟ್ ಪಟ್ಟಿ. ಸ್ನೇರ್ ಮಾತ್ರ ಎರವಲು: 14 ಇಂಚು ಅಗಲ, 5 ಇಂಚು ಎತ್ತರದ ಲೋಹದ್ದು. ಅದನ್ನು ಸ್ವಲ್ಪ ಬಿಗಿಯಾಗಿ ಟ್ಯೂನ್ ಮಾಡಿ, ಮೇಲೆ ಅಂಚಿನಲ್ಲಿ ಬಟ್ಟೆಯ ಮಡಿಕೆ ಇಟ್ಟೆವು. ಒಂದು ಕ್ರ್ಯಾಶ್ ಸಿಂಬಲ್ ತೆಗೆದೇ ಬಿಟ್ಟೆವು. ಹೈ-ಹ್ಯಾಟ್ ಸ್ನೇಹಿತರೊಬ್ಬರ ಹಳೆಯ ತೆಳುವಾದ ಜೋಡಿ. ಇಷ್ಟಾದ ಮೇಲೆ ಡ್ರಮ್ಮರ್ ಒಂದು ಬೀಟ್ ಬಾರಿಸಿ ನಿಲ್ಲಿಸಿ, "ಇದು ನನ್ನ ಡ್ರಮ್ಸೇ ಅಲ್ಲ ಕಣೋ" ಅಂದ. ಮೈಕ್ ಇನ್ನೂ ಒಂದೂ ಹಚ್ಚಿರಲಿಲ್ಲ.

ತಗ್ಗು ಚಾವಣಿಗೆ, ಡ್ರಮ್ಸ್‌ನ ನೇರ ಮೇಲೆ, ದಪ್ಪ ಕಂಬಳಿಯನ್ನು ಎರಡು ಮಡಿಕೆ ಮಾಡಿ ತೂಗುಹಾಕಿದೆವು. ಹಿಂದಿನ ಗೋಡೆಗೆ ಒಂದು ಹಾಸಿಗೆ ಒರಗಿಸಿಟ್ಟೆವು.

ಅಗ್ಗದ ಕಂಡೆನ್ಸರ್ ಏಕೆ ಬೇಡವಾಯಿತು

ಹೆಚ್ಚಿನವರು ಮೊದಲು ಕೊಳ್ಳುವುದು ದೊಡ್ಡ ಡಯಾಫ್ರಾಮಿನ (ಸದ್ದಿಗೆ ಕಂಪಿಸುವ ತೆಳು ಪದರ) ಅಗ್ಗದ ಕಂಡೆನ್ಸರ್. ನೋಡಲು ಹಳೆಯ ಸ್ಟುಡಿಯೋ ಮೈಕಿನ ಹಾಗೇ ಇರುತ್ತದೆ. ಹಾಗಾಗಿ ಹಳೆಯ ಸದ್ದೂ ಬರುತ್ತದೆ ಅಂದುಕೊಳ್ಳುವುದು ಸಹಜ. ಅಂಥದ್ದೊಂದನ್ನು ಡ್ರಮ್ಸ್ ಮುಂದೆ ಇಟ್ಟು ಕೇಳಿದೆವು. ಸ್ನೇರ್ ಚೆನ್ನಾಗೇ ಇತ್ತು. ಹೈ-ಹ್ಯಾಟ್ ಮಾತ್ರ ಮರಳು ಕಾಗದದಲ್ಲಿ ಉಜ್ಜಿದ ಹಾಗೆ. ಹೈ-ಹ್ಯಾಟ್ ತೆರೆದಾಗೆಲ್ಲ ಉಳಿದದ್ದು ಮುಚ್ಚಿಹೋಗುತ್ತಿತ್ತು.

ಇದಕ್ಕೆ ಕಾರಣ ಇದೆ. ಇಂಥ ಅಗ್ಗದ ಮೈಕ್‌ಗಳಲ್ಲಿ ಬಹಳಷ್ಟಕ್ಕೆ ನ್ಯೂಮನ್ ಕಂಪನಿಯ ಕೆ67 ಕ್ಯಾಪ್ಸೂಲನ್ನು (ಸದ್ದು ಹಿಡಿಯುವ ಒಳಭಾಗ) ನೋಡಿ ಮಾಡಿದ ಕ್ಯಾಪ್ಸೂಲ್ ಹಾಕಿರುತ್ತಾರೆ. ಮೂಲ ಕೆ67 ಬಂದಿದ್ದು 1960ರ ಯು67 ಮೈಕಿನಲ್ಲಿ, ಆಮೇಲೆ ಸ್ವಲ್ಪ ಬದಲಾದ ರೂಪದಲ್ಲಿ 1967ರ ಯು87ರಲ್ಲಿ. ಆ ಕ್ಯಾಪ್ಸೂಲ್ ತಾನಾಗಿಯೇ ಮೇಲಿನ ಸದ್ದನ್ನು, ಅಂದರೆ ಮೇಲಿನ ಸ್ಥಾಯಿಯ ಚೂಪು ಸದ್ದನ್ನು, ಎತ್ತಿ ಕೊಡುತ್ತದೆ. ಮೂಲ ಮೈಕಿನ ಒಳಗಿನ ಸರ್ಕ್ಯೂಟ್ ಅದನ್ನು ಅಷ್ಟೇ ಅಳತೆಯಲ್ಲಿ ಕೆಳಗೆ ಇಳಿಸಿ ಸಮ ಮಾಡುತ್ತದೆ. ಎರಡೂ ಸೇರಿದರೆ ಲೆಕ್ಕ ಸರಿ. ಅನೇಕ ಅಗ್ಗದ ಮೈಕ್‌ಗಳಲ್ಲಿ ಕ್ಯಾಪ್ಸೂಲ್ ಮಾತ್ರ ಇದೆ, ಇಳಿಸುವ ಆ ಭಾಗ ಇಲ್ಲ. ಹೀಗಾಗಿ 8ರಿಂದ 12 ಕಿಲೋಹರ್ಟ್ಜ್ ಸುತ್ತ ಸದ್ದು ಏರಿಯೇ ಉಳಿಯುತ್ತದೆ. ಹಾಡುವ ದನಿಗೆ ಅದು ಕೆಲವೊಮ್ಮೆ ಮೆರುಗು. ಸಿಂಬಲ್‌ಗೆ ಅದೇ ಶಾಪ.

ಈಕ್ಯೂ (ಬೇಕಾದ ಸ್ಥಾಯಿಯನ್ನು ಏರಿಸಿ ಇಳಿಸುವ ಸಾಧನ) ಹಾಕಿ ತಗ್ಗಿಸಬಹುದಲ್ಲ ಅಂತ ಆರ್ಗನ್ ನುಡಿಸುವವರು ಕೇಳಿದರು. ಹಾಕಿ ನೋಡಿದೆವು. ಸ್ವಲ್ಪ ಸುಧಾರಿಸಿತು. ಆದರೆ ಸಿಂಬಲ್ ಇಳಿಸಿದರೆ ಸ್ನೇರಿನ ತಂತಿಯ ಸದ್ದೂ ಜೊತೆಗೆ ಇಳಿಯುತ್ತದೆ. ಇಡೀ ಡ್ರಮ್ಸನ್ನು ಒಂದೇ ಮೈಕ್ ಕೇಳುತ್ತಿರುವಾಗ ಒಂದನ್ನು ಬಿಟ್ಟು ಇನ್ನೊಂದನ್ನು ತಿದ್ದಲು ಆಗುವುದಿಲ್ಲ. ಮೈಕೇ ಮೊದಲಿನಿಂದ ಮೆದುವಾಗಿ ಕೇಳಬೇಕು.

ಇನ್ನೊಂದು ವಿಷಯ ಇದೆ. ಹಳೆಯ ರೆಕಾರ್ಡ್‌ಗಳಲ್ಲಿ ಸದ್ದು ಟೇಪಿಗೆ ಹೋಗುತ್ತಿತ್ತು. ಟೇಪಿಗೆ ಜೋರಾಗಿ ಕೊಟ್ಟರೆ ಮೇಲಿನ ಸದ್ದೇ ಮೊದಲು ಸವೆಯುತ್ತದೆ. ಅಂದರೆ ಮೈಕ್ ಚೂಪಾಗಿದ್ದರೂ ಟೇಪ್ ಅದನ್ನು ದುಂಡಗೆ ಮಾಡುತ್ತಿತ್ತು. ಇವತ್ತಿನ ಇಂಟರ್‌ಫೇಸ್ ಹಾಗೆ ಏನನ್ನೂ ಸವೆಸುವುದಿಲ್ಲ. ಕೊಟ್ಟದ್ದನ್ನು ಕೊಟ್ಟ ಹಾಗೇ ಬರೆದಿಡುತ್ತದೆ. ಹಾಗಾಗಿ ಟೇಪ್ ಮಾಡುತ್ತಿದ್ದ ಕೆಲಸದ ಒಂದು ಪಾಲನ್ನು ಈಗ ಮೈಕೇ ಮಾಡಬೇಕು. ಅಗ್ಗದ ಬೆಲೆಯಲ್ಲಿ ಈ ಕೆಲಸ ಮಾಡುವುದು ಡೈನಾಮಿಕ್ (ತಂತಿಯ ಸುರುಳಿ ಕಂಪಿಸುವ) ಮತ್ತು ರಿಬ್ಬನ್ (ತೆಳು ಲೋಹದ ಪಟ್ಟಿ ಕಂಪಿಸುವ) ಮೈಕ್‌ಗಳು. ಈ ಒಂದು ಯೋಚನೆ ಸ್ಪಷ್ಟವಾದ ಮೇಲೆ ಆಯ್ಕೆ ಸುಲಭವಾಯಿತು.

ಇಡೀ ಡ್ರಮ್ಸ್ ಕೇಳುವ ಮೈಕ್: ರಿಬ್ಬನ್

ಹಣದ ದೊಡ್ಡ ಪಾಲನ್ನು ಒಂದೇ ಮೈಕಿಗೆ ಹಾಕೋಣ ಅಂದುಕೊಂಡೆವು. ಇಡೀ ಡ್ರಮ್ಸನ್ನು ಕೇಳುವ ಮೈಕ್ ಅದು. ಹಾಡಿನಲ್ಲಿ ಡ್ರಮ್ ಸದ್ದಿನ ಮುಕ್ಕಾಲು ಪಾಲು ಅದರದ್ದೇ ಆಗುತ್ತದೆ. ಆ ಕಾಲದ ಅಮೆರಿಕದ ಸ್ಟುಡಿಯೋಗಳಲ್ಲಿ ಆರ್‌ಸಿಎ 77-ಡಿಎಕ್ಸ್ ತರಹದ ರಿಬ್ಬನ್ ಮೈಕ್‌ಗಳು ಸಾಮಾನ್ಯವಾಗಿ ಇರುತ್ತಿದ್ದವು. ಅವನ್ನು ಈಗ ಕೊಳ್ಳುವ ಮಾತೇ ಇಲ್ಲ. ಆದರೆ ಹೊಸದಾಗಿ ಮಾಡುವ ಸರಳ ಪ್ಯಾಸಿವ್ ರಿಬ್ಬನ್‌ಗಳು ಇತ್ತೀಚಿನ ವರ್ಷಗಳಲ್ಲಿ ಕೈಗೆಟುಕುವ ಬೆಲೆಗೆ ಬಂದಿವೆ. ಅಂಥದ್ದೊಂದನ್ನು ತರಿಸಿದೆವು.

ರಿಬ್ಬನ್ನಿನ ದೌರ್ಬಲ್ಯ ಅಂತ ಎಲ್ಲರೂ ಹೇಳುವುದು ಎರಡು: ಔಟ್‌ಪುಟ್ ಕಡಿಮೆ, ಮೇಲಿನ ಸದ್ದು ಬೇಗ ಇಳಿಯುತ್ತದೆ. ಡ್ರಮ್ಸ್‌ಗೆ ಬಂದರೆ ಎರಡೂ ತೊಂದರೆಯೇ ಅಲ್ಲ. ಡ್ರಮ್ಸ್ ಜೋರಾದ ವಾದ್ಯ, ಅಗ್ಗದ ಇಂಟರ್‌ಫೇಸಿನ ಪ್ರೀಆಂಪ್‌ನಲ್ಲೂ ಗೇನ್ ಸಾಕಾಯಿತು. ಮೇಲಿನ ಸದ್ದು ಇಳಿಯುವುದಂತೂ ನಮಗೆ ಬೇಕಾದದ್ದೇ.

ತೊಂದರೆ ಬೇರೆ ಕಡೆ ಇತ್ತು. ರಿಬ್ಬನ್ ಮೈಕ್ ಮುಂದಕ್ಕೂ ಹಿಂದಕ್ಕೂ ಒಂದೇ ಸಮ ಕೇಳುತ್ತದೆ, ಪಕ್ಕಕ್ಕೆ ಕಿವುಡು. ಮೊದಲು ಅದನ್ನು ರೂಢಿಯಂತೆ ಡ್ರಮ್ಮರಿನ ತಲೆಯ ಮೇಲೆ, ನೆಲದಿಂದ 2 ಮೀಟರ್ ಎತ್ತರದಲ್ಲಿ, ಕೆಳಗೆ ಮುಖ ಮಾಡಿ ನಿಲ್ಲಿಸಿದೆವು. ಅಲ್ಲಿಂದ ಚಾವಣಿಗೆ 60 ಸೆಂ.ಮೀ. ಮೇಲೆ ಹೋದ ಸದ್ದು ಚಾವಣಿಗೆ ತಾಗಿ ವಾಪಸು ಬರಲು 120 ಸೆಂ.ಮೀ. ಹೆಚ್ಚು ದಾರಿ, ಸುಮಾರು 3.5 ಮಿಲಿಸೆಕೆಂಡ್ ತಡ. ಅದನ್ನು ಮೈಕಿನ ಹಿಂದಿನ ಮುಖ ಹಿಡಿಯುತ್ತದೆ, ಅದೂ ತಿರುಗಿದ ಪೋಲಾರಿಟಿಯಲ್ಲಿ, ಅಂದರೆ ಅಲೆಯ ಏರು ಇಳಿತವಾಗಿ, ಇಳಿತ ಏರಾಗಿ. ನೇರ ಸದ್ದಿನ ಜೊತೆ ಅದು ಸೇರಿದಾಗ ತಳದ ಸದ್ದು ತೆಳ್ಳಗಾಗುತ್ತದೆ. ಸುಮಾರು 285 ಹರ್ಟ್ಜ್ ಹತ್ತಿರ ಇನ್ನೊಂದು ತಗ್ಗು ಬೀಳುತ್ತದೆ. ಕಂಬಳಿ ಇದ್ದರೂ ಇಷ್ಟು ಕೆಳಗಿನ ಸದ್ದನ್ನು ಅದು ತಡೆಯಲಾರದು. ಕಂಬಳಿ ಹೀರುವುದು ಮೇಲಿನ ಸದ್ದನ್ನೇ. ಕೇಳಿದಾಗಲೂ ಹಾಗೇ ಇತ್ತು: ಮೆದು, ಆದರೆ ಪೊಳ್ಳು.

ತಗ್ಗು ಚಾವಣಿಯ ರೂಮಿನಲ್ಲಿ ಮೈಕನ್ನು ಮೇಲೆ ಕಟ್ಟಲೇಬೇಕು ಅಂತ ಯಾರೂ ಕಾನೂನು ಮಾಡಿಲ್ಲ ಅಲ್ವಾ? ಕೆಳಗೆ ಇಳಿಸಿದೆವು. ಡ್ರಮ್ಮರಿನ ಬಲ ಭುಜದ ಪಕ್ಕ, ನೆಲದಿಂದ ಸುಮಾರು 125 ಸೆಂ.ಮೀ. ಎತ್ತರ, ಫ್ಲೋರ್ ಟಾಮ್‌ನ ಹಿಂದೆ. ಅಲ್ಲಿಂದ ಸ್ನೇರಿನ ನಡುವಿಗೆ 95 ಸೆಂ.ಮೀ. ಮೈಕ್ ಈಗ ಕೇಳುವುದು ಹೆಚ್ಚು ಕಡಿಮೆ ಡ್ರಮ್ಮರ್ ಕೇಳುವುದನ್ನೇ. ಮೈಕಿನ ಹಿಂದಿನ ಮುಖ ಹಾಸಿಗೆ ಒರಗಿಸಿದ ಗೋಡೆಯ ಕಡೆಗೆ ತಿರುಗಿತು.

ಇಲ್ಲಿ ಸ್ವಲ್ಪ ಹೊತ್ತು ತಗೊಂಡು ಮಾಡಿದ ಒಂದು ಕೆಲಸವನ್ನು ವಿವರವಾಗಿ ಹೇಳಬೇಕು. ಮೈಕನ್ನು ನೇರ ಸ್ನೇರಿಗೆ ಗುರಿಯಿಟ್ಟಾಗ ರೈಡ್ ಸಿಂಬಲ್ ತುಂಬ ಜೋರಾಗಿ ಬರುತ್ತಿತ್ತು. ಅದು ಬಲಗಡೆ, ಮೈಕಿಗೆ ಹತ್ತಿರ. ಡ್ರಮ್ಮರ್ ರೈಡನ್ನು ಒಂದೇ ಸಮ ಬಾರಿಸುತ್ತಿರಲಿ ಅಂತ ಹೇಳಿ, ನಾನು ಹೆಡ್‌ಫೋನ್ ಹಾಕಿಕೊಂಡು ಮೈಕನ್ನು ಸ್ಟ್ಯಾಂಡಿನ ಮೇಲೆ ನಿಧಾನವಾಗಿ ಎಡಕ್ಕೆ ತಿರುಗಿಸುತ್ತ ಹೋದೆ. ಒಂದು ಕೋನಕ್ಕೆ ಬಂದಾಗ ರೈಡ್ ಥಟ್ಟನೆ ದೂರ ಸರಿಯಿತು. ಅದು ಮೈಕಿನ ಕಿವುಡು ಬದಿಗೆ ಬಂದಿತ್ತು. ಆಗ ಸ್ನೇರ್ ಮೈಕಿನ ನೇರ ಮುಖದಿಂದ ಸುಮಾರು 40 ಡಿಗ್ರಿ ಪಕ್ಕಕ್ಕಿತ್ತು. ಅದರಿಂದ ಸ್ನೇರ್ ಕಳೆದುಕೊಂಡದ್ದು 2 ಡೆಸಿಬೆಲ್ ಚಿಲ್ಲರೆ ಮಾತ್ರ. ರೈಡ್ ಕಳೆದುಕೊಂಡದ್ದು ಅದರ ಎಷ್ಟೋ ಪಟ್ಟು. ಅಗ್ಗದ ರಿಬ್ಬನ್ನಿಗೂ ಈ ಗುಣ ಇದ್ದೇ ಇರುತ್ತದೆ. ಎಂಟರ ಆಕಾರದ ಈ ಕೇಳುವಿಕೆ ಅದರ ಕಟ್ಟಡದಿಂದಲೇ ಬರುವುದು, ಬೆಲೆಯಿಂದಲ್ಲ. ಒಂದು ಮೈಕ್ ಸಿಂಬಲನ್ನು ಇಷ್ಟು ಚೊಕ್ಕವಾಗಿ ಪಕ್ಕಕ್ಕಿಡುವುದನ್ನು ಕಿವಿಯಾರೆ ಕೇಳಿದರೆ ಈ ಮೈಕಿನ ಮೇಲೆ ಪ್ರೀತಿ ಹುಟ್ಟುತ್ತದೆ.

ಎಚ್ಚರಿಕೆ ಒಂದಿದೆ. ಪ್ಯಾಸಿವ್ ರಿಬ್ಬನ್ನಿಗೆ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕ ಮೈಕಿಗೆ ಕೊಡುವ ವಿದ್ಯುತ್) ಬೇಕಿಲ್ಲ. ಕೇಬಲ್ ಸರಿ ಇದ್ದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಆದರೆ ಒಳಗೆ ಒಂದು ತಂತಿ ಬಿಟ್ಟ ಕೇಬಲ್ ಇದ್ದರೆ, ಅಥವಾ ಪವರ್ ಇದ್ದಾಗಲೇ ಸಿಕ್ಕಿಸಿ ತೆಗೆದರೆ, ಒಳಗಿನ ತೆಳು ಅಲ್ಯೂಮಿನಿಯಂ ಪಟ್ಟಿ ಹಿಗ್ಗಿಹೋಗಬಹುದು. ಅನೇಕ ಅಗ್ಗದ ಇಂಟರ್‌ಫೇಸ್‌ಗಳಲ್ಲಿ ಫ್ಯಾಂಟಮ್ ಬಟನ್ ಎಲ್ಲ ಇನ್‌ಪುಟ್‌ಗೂ ಒಂದೇ. ಅದಕ್ಕೇ ಈ ಸೆಷನ್ನಿನಲ್ಲಿ ಫ್ಯಾಂಟಮ್ ಬೇಕಾಗುವ ಯಾವ ಸಾಧನವನ್ನೂ ಇಡಲಿಲ್ಲ. ಡಿಐ ಬಾಕ್ಸ್ ಕೂಡ ಪ್ಯಾಸಿವ್. ಕಿಕ್ ಮುಂದೆ ರಿಬ್ಬನ್ ಇಡಬಾರದು ಅನ್ನುವುದೂ ಅದೇ ಪಟ್ಟಿಯ ಕಾರಣಕ್ಕೆ. ಗಾಳಿಯ ಹೊಡೆತ ಅದಕ್ಕೆ ಆಗದು.

ಕಿಕ್: ಸುದ್ದಿಗಾರರ ಹಳೆಯ ಮೈಕ್

ಕಿಕ್‌ಗೆ ಅಂತಲೇ ಮಾಡಿದ ಮೈಕ್‌ಗಳು ಬಹಳ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು 1980ರ ದಶಕದಿಂದ ಈಚಿನ ರಾಕ್ ಕಿವಿಗೆ ತಕ್ಕಂತೆ ಇವೆ. ತಳ ಎತ್ತಿರುತ್ತದೆ, ನಡುವಿನ ಸದ್ದು ತೋಡಿರುತ್ತದೆ, 4 ಕಿಲೋಹರ್ಟ್ಜ್ ಸುತ್ತ ಬೀಟರಿನ ಟಕ್ ಕೇಳಲಿ ಅಂತ ಏರಿಸಿರುತ್ತದೆ. ಸೋಲ್ ರೆಕಾರ್ಡಿನ ಕಿಕ್ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಟಕ್ ಇಲ್ಲ. ಎದೆ ನಡುಗಿಸುವ ತಳವೂ ಇಲ್ಲ, ಆ ಜಾಗ ಬೇಸ್ ಗಿಟಾರಿನದು. ಇರುವುದು ನಡುವಿನ ದುಂಡನೆಯ ಗುದ್ದು. ಚಿಕ್ಕ ರೇಡಿಯೋದಲ್ಲೂ ಕೇಳುವಂಥದ್ದು.

ಹಾಗಾಗಿ ಕಿಕ್ ಮೈಕ್‌ಗಳ ಸಾಲನ್ನೇ ಬಿಟ್ಟು ಒಂದು ಸೆಕೆಂಡ್‌ಹ್ಯಾಂಡ್ ಎಲೆಕ್ಟ್ರೋ-ವಾಯ್ಸ್ 635ಎ ತಂದೆವು. 1960ರ ದಶಕದ ಸುದ್ದಿಗಾರರ ಕೈ ಮೈಕ್ ಇದು. ಎಲ್ಲ ದಿಕ್ಕಿನಿಂದಲೂ ಕೇಳುವ ಡೈನಾಮಿಕ್. ಕಂಪನಿ ಇದ್ದ ಮಿಷಿಗನ್‌ನ ಊರಿನ ಹೆಸರು ಸೇರಿಸಿ ಇದನ್ನು ಬ್ಯೂಕ್ಯಾನನ್ ಸುತ್ತಿಗೆ ಅಂತ ಕರೆಯುತ್ತಿದ್ದರು. ಅಷ್ಟು ಗಟ್ಟಿ. ಕಂಪನಿಯ ಲೆಕ್ಕದಲ್ಲಿ ಅದು ಕೇಳುವುದು 80 ಹರ್ಟ್ಜ್‌ನಿಂದ 13 ಕಿಲೋಹರ್ಟ್ಜ್ ವರೆಗೆ. ಕಾಗದದ ಮೇಲೆ ನೋಡಿದರೆ ಕಿಕ್‌ಗೆ ಯಾರೂ ಆರಿಸದ ಮೈಕ್. ನಮಗೆ ಮಾತ್ರ ಈ ಎರಡೂ ಮಿತಿಗಳು ಸರಿಯಾಗಿ ಹೊಂದಿದವು. ಎಲ್ಲ ದಿಕ್ಕಿಗೂ ಕೇಳುವ ಮೈಕ್ ಆದ್ದರಿಂದ ಹತ್ತಿರ ಇಟ್ಟರೂ ತಳ ಊದಿಕೊಳ್ಳುವುದಿಲ್ಲ. ಹೆಡ್‌ನಿಂದ 15 ಸೆಂ.ಮೀ. ದೂರ, ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಇಟ್ಟೆವು. ಸ್ನೇರ್ ಕೂಡ ಅದರಲ್ಲಿ ಧಾರಾಳವಾಗಿ ಸೋರಿ ಬರುತ್ತಿತ್ತು. ಬರಲಿ ಅಂತ ಬಿಟ್ಟೆವು. ಆ ಸೋರಿಕೆಯೇ ಎರಡು ಮೈಕನ್ನು ಬೆಸೆಯುವ ಅಂಟು.

ಬೆಸೆಯಬೇಕಾದರೆ ಪೋಲಾರಿಟಿ ಸರಿ ಇರಬೇಕು. ಕಿಕ್ ಹೊಡೆದಾಗ ಮುಂದಿನ ಹೆಡ್ 635ಎ ಕಡೆಗೆ ಉಬ್ಬುತ್ತದೆ. ಹಿಂದಿನ ಹೆಡ್ ರಿಬ್ಬನ್ನಿನಿಂದ ದೂರ ಹೋಗುತ್ತದೆ. ಒಂದೇ ಏಟನ್ನು ಎರಡು ಮೈಕ್ ಎದುರುಬದುರಾಗಿ ಬರೆಯುತ್ತವೆ. ಎರಡನ್ನೂ ಸುಮ್ನೆ ಕೂಡಿಸಿದಾಗ ಕಿಕ್ ತೆಳ್ಳಗಾಗಿ ಹೋಯಿತು. ಕಿಕ್ ಚಾನೆಲ್ಲಿನ ಪೋಲಾರಿಟಿ ತಿರುಗಿಸಿದ ತಕ್ಷಣ ಎದ್ದು ನಿಂತಿತು. ಇಷ್ಟಕ್ಕೆ ಒಂದು ಪೈಸೆ ಖರ್ಚಿಲ್ಲ. ಎಷ್ಟೋ ಜನ ಇದನ್ನು ನೋಡದೆ ಮೈಕಿನ ಮೇಲೆ ತಪ್ಪು ಹೊರಿಸಿ ಹೊಸದು ಕೊಳ್ಳಲು ಹೋಗುತ್ತಾರೆ. ಎಲ್ಲ ಕಡೆಯೂ ತಿರುಗಿಸಿದರೇ ಸರಿ ಅಂತಲ್ಲ, ದೂರ ಬದಲಾದರೆ ಉತ್ತರವೂ ಬದಲಾಗಬಹುದು. ಎರಡೂ ರೀತಿ ಕೇಳಿ, ಕಿಕ್ ಯಾವುದರಲ್ಲಿ ದಪ್ಪಗಿದೆಯೋ ಅದನ್ನು ಇಟ್ಟುಕೊಳ್ಳುವುದು.

ಮೂರನೆಯದು, ಮತ್ತು ರೆಕಾರ್ಡಿಂಗ್

ಮೂರನೆಯ ಇನ್‌ಪುಟ್‌ಗೆ ಮನೆಯಲ್ಲೇ ಇದ್ದ ಎಸ್‌ಎಂ57. 1965ರಿಂದ ಬರುತ್ತಿರುವ ಮೈಕ್, ಇದರ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ಸ್ನೇರಿಗೆ ಅಂಟಿಸಿದಂತೆ ಇಡದೆ ಒಂದು ಗೇಣು ದೂರ, ಹೈ-ಹ್ಯಾಟಿಗೆ ಬೆನ್ನು ಮಾಡಿ ನಿಲ್ಲಿಸಿದೆವು. ಹೃದಯದ ಆಕಾರದಲ್ಲಿ ಕೇಳುವ ಮೈಕ್, ಬೆನ್ನ ಹಿಂದೆ ಅದಕ್ಕೆ ಅತಿ ಕಡಿಮೆ ಕೇಳಿಸುತ್ತದೆ. ಇದು ಮಿಕ್ಸಿನಲ್ಲಿ ಬೇಕಾದರೆ ಇರಲಿ ಅಂತ ಇಟ್ಟ ಆಸರೆ ಅಷ್ಟೇ.

ಗೇನ್ ಇಡುವಾಗ ಜೋರಾದ ಏಟು ಕೂಡ ಪೂರ್ಣ ಮಟ್ಟಕ್ಕಿಂತ 10ರಿಂದ 12 ಡೆಸಿಬೆಲ್ ಕೆಳಗೇ ಇರುವಂತೆ ನೋಡಿಕೊಂಡೆವು. ಟೇಪನ್ನು ಒತ್ತಿದ ಹಾಗೆ ಇಂಟರ್‌ಫೇಸನ್ನು ಒತ್ತಿದರೆ ಬರುವುದು ಒಡಕು ಮಾತ್ರ.

ನಿಧಾನದ ಎರಡು ಹಾಡು ಸಲೀಸಾಗಿ ಬಂದವು. ವೇಗದ ಹಾಡಿನಲ್ಲಿ ಸಮಸ್ಯೆ ಎದುರಾಯಿತು. ರೈಡನ್ನು ಪಕ್ಕಕ್ಕಿಡಲು ರಿಬ್ಬನ್ನನ್ನು ಎಡಕ್ಕೆ ತಿರುಗಿಸಿದ್ದೆವಲ್ಲ, ಅದರ ಮುಖ ಈಗ ಹೆಚ್ಚು ಕಡಿಮೆ ಹೈ-ಹ್ಯಾಟ್ ಕಡೆಗೇ ಇತ್ತು. ಹದಿನಾರರ ಲೆಕ್ಕದಲ್ಲಿ ಬಾರಿಸಿದಾಗ ಹೈ-ಹ್ಯಾಟ್ ಮುಂದೆ ಬಂತು. ಮೈಕನ್ನು ಸರಿಸಿದರೆ ರೈಡ್ ವಾಪಸು ಬರುತ್ತದೆ. ಆ ಹಾಡಿನ ಬ್ರಿಡ್ಜ್, ಅಂದರೆ ನಡುವೆ ಬರುವ ಬೇರೆ ಧಾಟಿಯ ಭಾಗ, ಪೂರ್ತಿ ರೈಡ್ ಮೇಲೆ.

ಪರಿಹಾರ ಸಿಕ್ಕಿದ್ದು ಡ್ರಮ್ಮರ್ ಕೈಯಲ್ಲಿ. ಹೆಡ್‌ಫೋನಿನಲ್ಲಿ ರಿಬ್ಬನ್ ಸದ್ದನ್ನೊಂದೇ ಅವನಿಗೆ ಕೇಳಿಸಿದೆ. ಏನೂ ಹೇಳಬೇಕಾಗಲಿಲ್ಲ. ಕೋಲಿನ ಭುಜದಿಂದ (ತುದಿಯ ಹಿಂದಿನ ಭಾಗ) ಅಂಚಿಗೆ ಹೊಡೆಯುತ್ತಿದ್ದವನು ತುದಿಯಿಂದ ಮೇಲ್ಮೈಗೆ ಹೊಡೆಯತೊಡಗಿದ. ಹೈ-ಹ್ಯಾಟನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿದ. ಎಡಗೈ ಜೋರು ಮಾಡಿದ. ಅದುವರೆಗೆ ಸಾಧಾರಣವಾಗಿದ್ದ ಗ್ರೂವ್ ಆಗ ಕುಣಿಯಲು ಶುರುವಾಯಿತು. ಸ್ನೇರಿನ ಸಣ್ಣ ಸಣ್ಣ ಪಿಸುಏಟುಗಳು, ಅಂದರೆ ಗೋಸ್ಟ್ ನೋಟ್‌ಗಳು, ಮೊದಲ ಬಾರಿಗೆ ಸ್ಪಷ್ಟವಾಗಿ ಕೇಳಿಸಿದವು. ಏಳು ಮೈಕಿನ ರೆಕಾರ್ಡಿಂಗ್‌ನಲ್ಲಿ ಗೇಟ್ (ಸಣ್ಣ ಸದ್ದನ್ನು ಮುಚ್ಚಿಬಿಡುವ ಸಾಧನ) ಹಾಕಿ ಅವನ್ನೆಲ್ಲ ಕತ್ತರಿಸಿ ಹಾಕಿದ್ದರು. ಫಂಕ್ ಇರುವುದೇ ಅವುಗಳಲ್ಲಿ.

ನಾಲ್ಕನೆಯ ಹಾಡಿನಲ್ಲಿ ಫ್ಲೋರ್ ಟಾಮ್ ಮೇಲೆ ದೊಡ್ಡ ಫಿಲ್, ಅಂದರೆ ಬೀಟ್ ನಡುವೆ ತುಂಬಿಸುವ ಬಾರಿಸುವಿಕೆ, ಇದೆ. ಮೈಕ್ ಅದರ ಪಕ್ಕದಲ್ಲೇ ಇದ್ದದ್ದರಿಂದ ಟಾಮ್ ಗುಡುಗಿತು. ಅದರ ಮೇಲೆ ಒಂದು ಟವೆಲ್ ಹಾಕಿದೆವು. ಇನ್ನೂ ಸ್ವಲ್ಪ ಜೋರಾಗೇ ಇದೆ. ಅದೊಂದು ಫಿಲ್ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಆ ಟೇಕ್‌ನಲ್ಲಿ ಬೇಸ್ ಮತ್ತು ಡ್ರಮ್ಸ್ ಒಟ್ಟಿಗೆ ಉಸಿರಾಡಿದ ರೀತಿ ಬೇರೆ ಟೇಕ್‌ಗಳಲ್ಲಿ ಬರಲಿಲ್ಲ. ಅದನ್ನೇ ಉಳಿಸಿಕೊಂಡೆವು.

ಮಿಕ್ಸಿನಲ್ಲಿ ಮಾಡಿದ್ದು ಕಡಿಮೆ. ಎಲ್ಲ ಡ್ರಮ್ ಸದ್ದೂ ಮೋನೊ, ನಡುವಿನಲ್ಲಿ. 10 ಕಿಲೋಹರ್ಟ್ಜ್‌ನಿಂದ ಮೇಲೆ ಮೆಲ್ಲಗೆ ಇಳಿಸಿದೆವು. ಎರಡೂ ಮೈಕನ್ನು ಒಂದು ಬಸ್‌ಗೆ, ಅಂದರೆ ಒಂದೇ ಚಾನೆಲ್ಲಿಗೆ, ಕೂಡಿಸಿ, ಏಟಿನ ಮೊದಲ ಭಾಗವನ್ನು ಬಿಟ್ಟುಕೊಡುವ ನಿಧಾನದ ಅಟ್ಯಾಕ್ ಇರುವ ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸುವ ಸಾಧನ) ಒಂದನ್ನು ಹಾಕಿದೆವು. ಟೇಪಿನಂತೆ ದುಂಡಗೆ ಮಾಡುವ ಪ್ಲಗಿನ್ ಸ್ವಲ್ಪ. ರಿವರ್ಬ್ ಇಲ್ಲ, ಗೇಟ್ ಇಲ್ಲ. ಎಸ್‌ಎಂ57 ಟ್ರ್ಯಾಕ್ ವೇಗದ ಹಾಡಿನಲ್ಲಿ ಮಾತ್ರ, ಅದೂ ತೀರ ಕೆಳಗೆ ಉಳಿಯಿತು. ಉಳಿದ ಮೂರು ಹಾಡುಗಳಲ್ಲಿ ಡ್ರಮ್ಸ್ ಅಂದರೆ ರಿಬ್ಬನ್ ಮತ್ತು 635ಎ, ಎರಡೇ.

ಕೊಳ್ಳುವವರಿಗೆ

ರಿಬ್ಬನ್ ಮತ್ತು 635ಎ ಎರಡೂ ಸೇರಿದರೂ ಆ ಏಳು ಮೈಕಿನ ಸೆಟ್‌ಗಿಂತ ಕಡಿಮೆಗೆ ಬಂತು. ಉಳಿದ ಹಣ ಹೆಡ್‌ಗಳಿಗೆ ಹೋಯಿತು. ಒಂದೇ ಮೈಕ್ ಕೊಳ್ಳಲು ಆಗುವುದಾದರೆ ಯಾವುದು ಅಂತ ಬೇಸ್ ನುಡಿಸುವವರು ಆಮೇಲೆ ಕೇಳಿದರು. ರೂಮ್ ಸ್ವಲ್ಪವಾದರೂ ಒಣಗಿದ್ದರೆ ರಿಬ್ಬನ್. ರೂಮ್ ಗುಂಯ್ ಅಂತ ಮಾರ್ದನಿಸುವಂತಿದ್ದರೆ, ಕಂಬಳಿ ಕಟ್ಟಲೂ ಜಾಗವಿಲ್ಲದಿದ್ದರೆ, ಎಸ್‌ಎಂ57 ತರಹದ ಡೈನಾಮಿಕ್ಕನ್ನೇ ಅದೇ ಬಲ ಭುಜದ ಜಾಗದಲ್ಲಿ ಸ್ನೇರಿಗೆ ಇನ್ನೂ ಹತ್ತಿರ ಇಡಬಹುದು. ನಾವು ಅದನ್ನೂ ಕೇಳಿ ನೋಡಿದ್ದೆವು. ತಳ ಕಡಿಮೆ, 5-6 ಕಿಲೋಹರ್ಟ್ಜ್ ಸುತ್ತ ಸ್ವಲ್ಪ ಗಡಸು. ಆದರೂ ಅಗ್ಗದ ಕಂಡೆನ್ಸರ್‌ಗಿಂತ ಹಳೆಯ ರೆಕಾರ್ಡಿಗೆ ಅದೇ ಹತ್ತಿರ.

ಸೆಕೆಂಡ್‌ಹ್ಯಾಂಡ್ ಡೈನಾಮಿಕ್ ಕೊಳ್ಳುವಾಗ ಜಾಲರಿಯ ನೆಗ್ಗಿಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಹೆಡ್‌ಫೋನ್ ಹಾಕಿ, ಮೈಕಿನಲ್ಲಿ ಮಾತಾಡುತ್ತ ಕನೆಕ್ಟರನ್ನು ಅಲ್ಲಾಡಿಸಿ ನೋಡಿ. ಸದ್ದು ಕಡಿದು ಹೋಗಬಾರದು. ದನಿ ತೆಳ್ಳಗೆ, ದೂರದ ಟೆಲಿಫೋನಿನಂತೆ ಬಂದರೆ ಒಳಗಿನ ಡಯಾಫ್ರಾಮ್ ಅಥವಾ ಕಾಯಿಲ್ ಹಾಳಾಗಿರಬಹುದು, ಬಿಟ್ಟುಬಿಡಿ. ರಿಬ್ಬನ್ ಹಳೆಯದಾದರೆ ಎರಡೂ ಮುಖದಿಂದ ಮಾತಾಡಿ ಕೇಳಿ. ಎರಡೂ ಕಡೆ ಮಟ್ಟ ಹೆಚ್ಚು ಕಡಿಮೆ ಒಂದೇ ಇರಬೇಕು. ತಳದ ಸದ್ದು ಸಡಿಲವಾಗಿ ಫಡಫಡ ಅಂದರೆ ಪಟ್ಟಿ ಜೋತುಬಿದ್ದಿದೆ ಅಂತ ಅರ್ಥ. ಅದನ್ನು ಬದಲಿಸುವ ಖರ್ಚು ಅಗ್ಗದ ಮೈಕಿನ ಬೆಲೆಗೇ ಹತ್ತಿರ ಬರಬಹುದು. ಮನೆಗೆ ತಂದ ಮೇಲೆ ಚೀಲ ಮುಚ್ಚಿ, ನಿಲ್ಲಿಸಿ ಇಡಿ. ಮಲಗಿಸಿ ಇಟ್ಟರೆ ಪಟ್ಟಿ ನಿಧಾನವಾಗಿ ಜೋಲುತ್ತದೆ.